ಬೂದಿ ಬಿದ್ದ ಬಾವಿ, ಗಲಬರಿಸದ ಬಾಟಲಿ

ಮೊನ್ನೆ ನಮ್ಮ ಹಳೆಯ ಪ್ರಯೋಗಾಲಯದ ಹುಡುಗಿಯೊಬ್ಬಳು ಚೆನ್ನೈಯ ಅಣ್ಣಾ ನಗರದ ನಮ್ಮ ಮನೆಗೆ ಬಂದಿದ್ದಳು. ನೀರು ಪರೀಕ್ಷೆಯ ಕೆಲಸಕ್ಕೆ ಸೇರಿ ಅವಳಿಗೆ ಮೂರು ತಿಂಗಳು. "ಮೇಡಂ, ಕಾಡಿಗೆ ಬೆಂಕಿ ಬಿದ್ದ ಕಡೆಯಿಂದ ನೀರು ಬಂದಿದೆ. ಏನೇನು ನೋಡಬೇಕು?" ಎಂದು ಕೇಳಿದಳು. ಏನೇನು ನೋಡಬೇಕೆಂಬುದು ಪುಸ್ತಕದಲ್ಲಿದೆ, ನಾನು ಹೇಳಬೇಕಾಗಿಲ್ಲ. ನಾನು ಅವಳಿಗೆ ಒಂದು ಬಾಟಲಿಯ ಕಥೆ ಹೇಳಿದೆ. ಇಬ್ಬರ ಕಾಫಿಯೂ ಆರಿಹೋಯಿತು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ "ಇದನ್ನ ಬರೆದಿಡಿ ಮೇಡಂ, ನಮ್ಮ ಬ್ಯಾಚಿನವರೆಲ್ಲ ಓದಲಿ" ಎಂದಳು. ಅವರಿಗಾಗಿ ಇದು. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದನ್ನು ಇಲ್ಲಿ ಬರೆದಿಲ್ಲ. ಅದೆಲ್ಲ ಸರ್ವೀಸ್ ಪುಸ್ತಕದಲ್ಲಿದೆ.

ಮೊದಲು ನಾನು ಯಾರೆಂದು ಹೇಳುತ್ತೇನೆ. ಇಲ್ಲದಿದ್ದರೆ ನಾನು ಮಾಡಿದ ತಪ್ಪು ನಿಮಗೆ ಅರ್ಥವಾಗುವುದಿಲ್ಲ.

ನಮ್ಮಪ್ಪ ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಲೈಟ್ ಹೊರುವವರು. ಮಂಡ್ಯದ ಕಡೆಯವರು. ಕನ್ನಡ ಸಿನಿಮಾಗಳನ್ನು ಮದರಾಸಿನಲ್ಲಿ ತೆಗೆಯುತ್ತಿದ್ದ ಕಾಲಕ್ಕೆ ಬಂದವರು, ಅವು ಬೆಂಗಳೂರಿಗೆ ಹೋದಮೇಲೂ ಇಲ್ಲೇ ಉಳಿದರು. ಅವರಿಗೆ ತಮ್ಮ ಹೆಸರು ಬರೆಯುವಷ್ಟು ಅಕ್ಷರ ಗೊತ್ತಿತ್ತು, ಅಷ್ಟೇ. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದಾಗ ನಮ್ಮ ಕುಲದಲ್ಲಿ ಅದೇ ಮೊದಲ ಪದವಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೀದಿ ದೀಪದ ಕೆಳಗೆ ಓದಿದೆ ಎಂದೇನೂ ಹೇಳುವುದಿಲ್ಲ, ಅಪ್ಪ ಲೈಟಿನವರು, ಮನೆಯಲ್ಲಿ ಬಲ್ಬಿಗೆ ಬರವಿರಲಿಲ್ಲ. ನಮಗೆ ಬರವಿದ್ದದ್ದು ನೀರಿಗೆ. ವಾರಕ್ಕೆರಡು ಸಲ ಲಾರಿ ಬರುತ್ತಿತ್ತು. ಅಮ್ಮನೂ ನಾನೂ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳನ್ನು ಸಾಲಿನಲ್ಲಿಟ್ಟು ಕಾಯುತ್ತಿದ್ದೆವು. ಪರೀಕ್ಷೆಯ ದಿನವೂ ನಾನು ಸಾಲಿನಲ್ಲಿ ನಿಂತೇ ಓದಿದವಳು. ಆ ಸಾಲಿನಲ್ಲಿ ಯಾರಾದರೂ ಅರ್ಧ ಚೊಂಬು ನೀರು ಚೆಲ್ಲಿದರೆ ಬೀದಿಗೆ ಬೀದಿಯೇ ಬೈಯುತ್ತಿತ್ತು. ಒಮ್ಮೆ ನಾನೂ ಚೆಲ್ಲಿ, ಅಮ್ಮನ ಕೈಯಲ್ಲಿ ಎಲ್ಲರೆದುರು ಏಟು ತಿಂದಿದ್ದೇನೆ.

ಕೆಲಸಕ್ಕೆ ಸೇರಿದ ಮೇಲೆ ನಾನು ರುಜು ಹಾಕಿದ ಮೊದಲ ವರದಿಯ ನಕಲನ್ನು ಮನೆಗೆ ತಂದೆ. ಅಪ್ಪ ಅಂಕಿಗಳನ್ನೆಲ್ಲ ಬಿಟ್ಟು ಕೆಳಗಿನ ರುಜುವಿನ ಮೇಲೆ ಬೆರಳಾಡಿಸಿದರು.

"ಇದ್ ಹಾಕುದ್ ಮೇಲೆ ಏನಾಯ್ತದೆ ಮಗ?"

"ಆ ನೀರು ಕುಡಿಬೋದೋ ಬ್ಯಾಡ್ವೋ ಅಂತ ತೀರ್ಮಾನ ಆಯ್ತದಪ್ಪ."

"ಹಂಗಾರೆ ನಿಧಾನಕ್ಕೆ ಹಾಕು."

ಆಗ ನಕ್ಕುಬಿಟ್ಟಿದ್ದೆ.

ಪ್ರಯೋಗಾಲಯದಲ್ಲಿ ನನ್ನ ಮೇಲಿನ ಅಧಿಕಾರಿ ಆಚಾರ್ ಸಾರ್. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ವೈಷ್ಣವರ ಮನೆಯವರು. ಅವರದು ತಮಿಳು ಬೆರೆತ ಕನ್ನಡ. ನನ್ನ ಮಂಡ್ಯದ ಮಾತು ಕೇಳಿದರೆ ಅವರಿಗೆ ನಗು, ಅವರ ಮಾತು ಕೇಳಿದರೆ ನನಗೆ. ಬಾಟಲಿ ತೊಳೆಯುವುದು, ಒಲೆ ಹಚ್ಚುವುದು, ಭಟ್ಟಿ ಇಳಿಸಿದ ನೀರು ಹಿಡಿದಿಡುವುದು ಮುರುಗೇಶಣ್ಣನ ಕೆಲಸ. ನನ್ನಪ್ಪನ ವಯಸ್ಸಿನವನು, ಇಪ್ಪತ್ತು ವರ್ಷದಿಂದ ದಿನಗೂಲಿಯ ಮೇಲೇ ಇದ್ದ.

ಸೇರಿದ ಹೊಸತರಲ್ಲಿ ತಿರುವೊಟ್ಟಿಯೂರಿಗೆ ಹೋಗಿ ಮೀನುಗಾರರ ಕೇರಿಯ ಬಾವಿಗಳಿಂದ ನೀರು ತಂದಿದ್ದೆ. ಬಾಟಲಿಗೆ ಚೀಟಿ ಅಂಟಿಸುವ ಬದಲು ಚೆಂದವಾಗಿ ಮುಚ್ಚಳದ ಮೇಲೆ ಬಾವಿಯ ನಂಬರ್ ಬರೆದಿದ್ದೆ. ಪರೀಕ್ಷೆಗೆಂದು ಎಲ್ಲ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟೆ, ಯಾವ ಮುಚ್ಚಳ ಯಾವ ಬಾಟಲಿಯದೆಂದು ತಿಳಿಯದಾಯಿತು. ಆಚಾರ್ ಸಾರ್ ಬಂದು ನೋಡಿದರು. ಬೈಯಲಿಲ್ಲ.

"ಎನ್ನಮ್ಮಾ ರತ್ನ, ಕೂಸಿನ ಹೆಸರು ಟೋಪಿಗೆ ಇಟ್ಟುಬಿಟ್ಟೆಯಾ? ಶರಿ, ನಾಳೆ ಬೆಳಗ್ಗೆ ಅದೇ ಬಸ್ಸಿನಲ್ಲಿ ತಿರುಗಿ ಹೋಗು."

ಹೋದೆ. ಇಂಥ ತಪ್ಪುಗಳಿಂದ ನಷ್ಟವಾಗುವುದು ನನ್ನ ಒಂದು ದಿನ ಮಾತ್ರ. ಮುಂದೆ ಹೇಳುವುದು ಅಂಥದಲ್ಲ.

ತೊಂಬತ್ತರ ದಶಕದ ಕೊನೆ. ಆ ಬೇಸಿಗೆ ಚೆನ್ನೈಯಲ್ಲಿ ನೀರಿಗೆ ಹಾಹಾಕಾರ. ನೀರು ಪರೀಕ್ಷೆ ಮಾಡುವ ನಮ್ಮ ಕಚೇರಿಯ ನಲ್ಲಿಯಲ್ಲೇ ನೀರಿಲ್ಲ. ಆ ಸಮಯದಲ್ಲಿ ಕರ್ನಾಟಕದ ಗಡಿಗೆ ಅಂಟಿದ ಬೆಟ್ಟಗಳ ಕಾಡಿಗೆ ಬೆಂಕಿ ಬಿದ್ದು ವಾರಗಟ್ಟಲೆ ಉರಿಯಿತು. ಬೆಟ್ಟದ ಮೇಲಿನ ಒಂದು ಊರಿಂದ ದೂರು ಬಂತು: ಬಾವಿಯ ನೀರು ಹೊಗೆ ನಾರುತ್ತಿದೆ, ಕುಡಿಯಬಹುದೇ? ಆ ಬೆಟ್ಟದ ಜನ ತಮಿಳುನಾಡಿನವರಾದರೂ ಮಾತು ಕನ್ನಡ. ಕಣ್ಣಿನ ಆಪರೇಷನ್ನಿಗೆ ರಜೆ ಹಾಕುವ ಹಿಂದಿನ ದಿನ ಆಚಾರ್ ಸಾರ್ ನನ್ನನ್ನು ಕರೆದರು. "ನಿನ್ನ ಭಾಷೆಯವರೇ ತಾನೇ. ನೀನೇ ಪೋಯಿಟ್ಟು ಬಾ. ರಿಪೋರ್ಟ್ ನೀನೇ ರುಜು ಹಾಕಿ ಕಳಿಸು, ನನಗಾಗಿ ಕಾಯಬೇಡ."

ನನ್ನೊಬ್ಬಳ ರುಜು. ಹೆಮ್ಮೆಯಿಂದ ನಾಲ್ಕು ಪುಸ್ತಕ ಹುಡುಕಿ ಓದಿದೆ. ಕಾಡು ಸುಟ್ಟ ಕಡೆ ಅಂತರ್ಜಲದಲ್ಲಿ ನೈಟ್ರೇಟ್ ಎಂಬ ಲವಣ ಏರುವುದುಂಟು, ಅದು ಹಸುಗೂಸುಗಳ ರಕ್ತಕ್ಕೆ ಕೆಟ್ಟದ್ದು ಎಂದು ಒಂದರಲ್ಲಿ ಇತ್ತು. ಆ ಸಾಲಿನ ಕೆಳಗೆ ಗೆರೆ ಎಳೆದುಕೊಂಡೆ.

ಹೊರಡುವಾಗ ಮುರುಗೇಶಣ್ಣ ಬಾಟಲಿಗಳ ಪೆಟ್ಟಿಗೆ ಕೊಟ್ಟ. ಲೋಹದ ಪರೀಕ್ಷೆಗೆ ಬಳಸುವ ಬಾಟಲಿಗಳನ್ನು ನೈಟ್ರಿಕ್ ಆಮ್ಲ ಬೆರೆಸಿದ ನೀರಲ್ಲಿ ನೆನೆಸಿ ತೊಳೆಯುವುದು ಪದ್ಧತಿ. ಆವತ್ತು ಸಿದ್ಧವಿದ್ದದ್ದು ಅವು ಮಾತ್ರ.

"ಅಮ್ಮಾ, ಇಂಗೆ ತಣ್ಣಿ ಇಲ್ಲೆ. ಅಂಗೆ ಪೋಯಿ ಮೂಣು ತಡವೆ ಅಲಸಿಡುಂಗ" ಎಂದ. ಇಲ್ಲಿ ನೀರಿಲ್ಲ, ಅಲ್ಲಿ ಹೋಗಿ ಮೂರು ಸಲ ಗಲಬರಿಸಿಬಿಡಿ ಎಂದರ್ಥ. ಯಾವ ಬಾವಿಯ ನೀರು ಹಿಡಿಯುತ್ತೇವೋ ಆ ನೀರಲ್ಲೇ ಬಾಟಲಿಯನ್ನು ಮೂರು ಸಲ ಗಲಬರಿಸಿ ಚೆಲ್ಲಿ ನಾಲ್ಕನೆಯ ಸಲ ತುಂಬುವುದು ನಮ್ಮ ಕೆಲಸದ ಮೊದಲ ಪಾಠ. "ಗೊತ್ತಣ್ಣಾ" ಎಂದೆ.

ಈರೋಡಿನವರೆಗೆ ರೈಲು, ಅಲ್ಲಿಂದ ಬಸ್ಸು, ಕೊನೆಗೆ ಜೀಪು. ಮೇಲೆ ಹೋದಂತೆ ಮರಗಳೆಲ್ಲ ಇದ್ದಿಲ ಕಡ್ಡಿ. ಗಾಳಿ ಬೀಸಿದರೆ ನೆಲದಿಂದ ಬಿಳಿ ಬೂದಿ ಏಳುತ್ತಿತ್ತು. ಊರಿನ ತೆರೆದ ಬಾವಿಯ ಸುತ್ತ ಇಪ್ಪತ್ತು ಹೆಂಗಸರು ಕೊಡ ಹಿಡಿದು ನಿಂತಿದ್ದರು. ನೀರು ತಳ ಮುಟ್ಟಿತ್ತು, ಮನೆಗೆ ಎರಡೇ ಕೊಡ ಎಂದು ಅವರವರೇ ಕಟ್ಟು ಮಾಡಿಕೊಂಡಿದ್ದರು. ಹಗ್ಗ ಹಿಡಿದಿದ್ದವಳು ಮಾದಮ್ಮ, ಐವತ್ತು ದಾಟಿದ ಹೆಂಗಸು.

"ಯಾವೂರವ್ವ ನಿಂದು? ಮದರಾಸ್ನೋರು ಅಂದ್ರು, ನಮ್ ಮಾತೇ ಆಡ್ತೀಯಲ್ಲ!"

"ನಮ್ಮಪ್ಪ ಮಂಡ್ಯದ ಕಡೆಯೋರು ಕನವ್ವ."

"ಹಂಗಾರೆ ನಮ್ ಹುಡ್ಗಿನೇ ಬುಡು. ನೋಡವ್ವ, ಈ ನೀರು ಒಂಥರಾ ಜಾರ್ತದೆ. ಬೂದಿ ಹಾಕಿ ಕಲಸ್ದಂಗೆ. ನನ್ ಮಗಳು ತುಂಬು ಬಸುರಿ, ಹೆರಿಗೆಗೆ ಬಂದವಳೆ. ಕುಡುದ್ರೆ ಏನೂ ಆಗಕ್ಕಿಲ್ವಾ, ಅದೊಂದ್ ಹೇಳ್ಬುಡು."

ಅವಳು ಒಂದು ಬಿಂದಿಗೆ ನೀರು ಸೇದಿ ನನ್ನ ಮುಂದಿಟ್ಟಳು. ಆರು ಬಾಟಲಿ. ಒಂದೊಂದನ್ನೂ ಮೂರು ಸಲ ಗಲಬರಿಸಿ ಚೆಲ್ಲಬೇಕು. ತಲೆ ಎತ್ತಿದೆ. ಇಪ್ಪತ್ತು ಜೊತೆ ಕಣ್ಣು ಆ ಬಿಂದಿಗೆಯನ್ನೇ ನೋಡುತ್ತಿದ್ದವು. ನನಗೆ ಕೋಡಂಬಾಕ್ಕಂನ ಬೀದಿ ಕಂಡಿತು, ಅಮ್ಮನ ಕೈ ಕಂಡಿತು. ಅವರೆದುರು ಆ ನೀರನ್ನು ನೆಲಕ್ಕೆ ಸುರಿಯಲು ನನ್ನ ಕೈ ಬರಲಿಲ್ಲ. ನೇರವಾಗಿ ತುಂಬಿದೆ, ಒಂದು ತೊಟ್ಟೂ ಚೆಲ್ಲದೆ. ಉಳಿದ ನೀರನ್ನು ಮಾದಮ್ಮನ ಕೊಡಕ್ಕೆ ಹೊಯ್ದೆ.

"ಅಚ್ಚುಕಟ್ಟು ಕನವ್ವ ನಿನ್ ಕೆಲ್ಸ" ಎಂದು ಅವಳು ಹೊಗಳಿದಳು.

ಆ ಹೊಗಳಿಕೆಯನ್ನು ಎದೆಯಲ್ಲಿಟ್ಟುಕೊಂಡು ಬೆಟ್ಟ ಇಳಿದೆ. ನಮೂನೆ ಕಾಗದದಲ್ಲಿ 'ಸ್ಥಳೀಯರ ಹೇಳಿಕೆ' ಎಂಬ ಜಾಗವೊಂದಿತ್ತು. ನೀರು ಜಾರುತ್ತದೆ ಎಂದಳಲ್ಲ, ಅದನ್ನು ಅಲ್ಲಿ ಬರೆಯಲಿಲ್ಲ. ಅದು ವಿಜ್ಞಾನವಲ್ಲ ಎಂದುಕೊಂಡೆ.

ಆಗ ನೈಟ್ರೇಟನ್ನು ಕಣ್ಣಿನಲ್ಲೇ ಅಳೆಯುತ್ತಿದ್ದೆವು. ನೀರನ್ನು ಕಾಯಿಸಿ ಇಂಗಿಸಿ, ಉಳಿದ ಪುಡಿಗೆ ಒಂದು ಆಮ್ಲ, ಆಮೇಲೆ ಅಮೋನಿಯಾ ಹಾಕಿದರೆ ಹಳದಿ ಬರುತ್ತದೆ. ನೈಟ್ರೇಟ್ ಎಷ್ಟು ಹೆಚ್ಚೋ ಹಳದಿ ಅಷ್ಟು ಗಾಢ. ಉದ್ದನೆಯ ಗಾಜಿನ ಕೊಳವೆಗಳಲ್ಲಿ ಅಳತೆ ಗೊತ್ತಿರುವ ಹಳದಿಗಳ ಪಕ್ಕದಲ್ಲಿಟ್ಟು ಕಿಟಕಿಯ ಬೆಳಕಿನಲ್ಲಿ ಮೇಲಿಂದ ನೋಡಿ ಹೋಲಿಸಬೇಕು. ನನ್ನ ಕೊಳವೆಗೆ ಅರಿಸಿನ ಕದಡಿದಂಥ ಹಳದಿ ಬಂತು. ಮಿತಿಯನ್ನು ಎಷ್ಟೋ ಮೀರಿತ್ತು. ನನಗೆ ಭಯವಾಗಲಿಲ್ಲ, ನಿಜ ಹೇಳುತ್ತೇನೆ, ಖುಷಿಯಾಯಿತು. ಪುಸ್ತಕದಲ್ಲಿ ಗೆರೆ ಎಳೆದದ್ದೇ ಬಂದಿದೆ! 'ಕುಡಿಯಲು ಯೋಗ್ಯವಲ್ಲ, ಮುಖ್ಯವಾಗಿ ಹಸುಗೂಸುಗಳಿಗೆ' ಎಂದು ಬರೆದು ರುಜು ಹಾಕಿದೆ. ನಿಧಾನಕ್ಕೆ ಹಾಕಲಿಲ್ಲ. ಬಾವಿಗೆ ಹಲಗೆ ಹೊಡೆಸಿ ಕೆಂಪು ಬಣ್ಣದ ಗುರುತು ಹಾಕಿಸಿದ್ದೇವೆಂದು ಕೆಲವೇ ದಿನದಲ್ಲಿ ಆ ಊರಿನ ಪಂಚಾಯಿತಿಯಿಂದ ಉತ್ತರ ಬಂತು.

ತಿಂಗಳ ಮೇಲೆ ಆಚಾರ್ ಸಾರ್ ಬಂದರು, ದಪ್ಪ ಕನ್ನಡಕ ಹಾಕಿಕೊಂಡು. "ಹೊಸ ಕಣ್ಣು ಹಾಕಿಸ್ಕೊಂಡು ಬಂದಿದೀನಿ, ಏನಾದರೂ ಕೊಡಮ್ಮಾ ಓದಕ್ಕೆ" ಎಂದರು. ಹೆಮ್ಮೆಯಿಂದ ಆ ಫೈಲನ್ನೇ ಕೊಟ್ಟೆ. ಎರಡು ಸಲ ಓದಿದರು.

"ಬಾವಿಯಲ್ಲಿ ಬೂದಿ ಬಿದ್ದಿತ್ತಾ?"

"ತುಂಬಾ ಸಾರ್."

"ನಿಮ್ಮ ಮನೆಯಲ್ಲಿ ಪಾತ್ರೆ ಯಾತರಲ್ಲಿ ತಿಕ್ಕೋದು?"

ಲೈಟ್ ಹೊರುವವನ ಮಗಳೆಂದು ಆಡಿಕೊಳ್ಳುತ್ತಿದ್ದಾರೆ ಅನಿಸಿತು. "ಬೂದಿಯಲ್ಲೇ ತಿಕ್ತಿದ್ವಿ. ಯಾಕೆ ಸಾರ್?"

"ನಮ್ಮ ಮನೆಯಲ್ಲೂ ಅದೇ ತಾನಮ್ಮಾ. ಬೂದಿ ನೀರು ಹೇಗಿರತ್ತೆ? ಸೋಪಿನಂಗೆ ಜಾರತ್ತೆ. ಕ್ಷಾರ ಏರಬೇಕು. ನಿನ್ನ ರಿಪೋರ್ಟಲ್ಲಿ ಕ್ಷಾರ ಇಳಿದುಬಿಟ್ಟಿದೆ, ನೀರು ಹುಳಿ ತಿರುಗಿದೆ. ಅದು ಹೇಗೆ? ಇನ್ನೊಂದು ಪಾರು, ನೋಡು. ಬೆಂಕಿಯಲ್ಲಿ ಸಾರಜನಕ ಮುಕ್ಕಾಲು ಪಾಲು ಹೊಗೆಯಾಗಿ ಹೋಗತ್ತೆ. ನೈಟ್ರೇಟ್ ಆಗೋದು ಆಮೇಲೆ, ಸುಟ್ಟ ಮಣ್ಣಲ್ಲಿ, ನಿಧಾನವಾಗಿ. ಹೀರಿಕೊಳ್ಳೋಕೆ ಮರ ಇಲ್ಲ ಅಂತ ಅದು ಮಳೆ ನೀರಿನ ಜೊತೆ ಕೆಳಗೆ ಇಳಿಯತ್ತೆ. ಅಲ್ಲಿ ಮಳೆ ಬಂದಿತ್ತಾ?"

"ಇಲ್ಲ ಸಾರ್."

"ಮಳೆ ಇಲ್ಲದೆ ಯಾವ ಬಸ್ಸು ಹಿಡಿದು ಇಳಿದು ಬಂತು ಅದು?"

ಜಾರುತ್ತದೆ ಎಂದು ಮಾದಮ್ಮ ಹೇಳಿದ್ದು ಆಗ ನೆನಪಾಯಿತು.

ನೇರವಾಗಿ ಮುರುಗೇಶಣ್ಣನ ಬಳಿ ಹೋದೆ. ಆ ದಿನದ ಬಾಟಲಿಗಳಲ್ಲಿ ಬಳಸದೆ ಉಳಿದ ಎರಡು ಪೆಟ್ಟಿಗೆಯಲ್ಲೇ ಇದ್ದವು. ಆಮ್ಲದಲ್ಲಿ ನೆನೆಸಿ ಬಗ್ಗಿಸಿ, ತೊಳೆಯದೆ ಮುಚ್ಚಿದವು. ಒಂದಕ್ಕೆ ಭಟ್ಟಿ ಇಳಿಸಿದ ಶುದ್ಧ ನೀರು ತುಂಬಿ, ಅದರದೇ ಪರೀಕ್ಷೆ ಮಾಡಿದೆ. ಏನೂ ಇಲ್ಲದ ನೀರು. ಅಮೋನಿಯಾ ಹಾಕಿದ ಕೂಡಲೇ ಅದೇ ಅರಿಸಿನ ಬಣ್ಣ ಬಂತು. ನೈಟ್ರಿಕ್ ಆಮ್ಲ ನೀರಿಗೆ ಸೇರಿದರೆ ಅದೂ ನೈಟ್ರೇಟೇ. ತಳದಲ್ಲಿ ಉಳಿದಿದ್ದ ಒಂದೆರಡು ಹನಿ ಆಮ್ಲವನ್ನು ನಾನು ಕಾಡಿನ ಬೆಂಕಿಯ ಲೆಕ್ಕಕ್ಕೆ ಬರೆದಿದ್ದೆ.

ಮುರುಗೇಶಣ್ಣ ಕೊಳವೆ ನೋಡಿದ, ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು. "ನಾನ್ ಸೊನ್ನೇನೇ ಅಮ್ಮಾ..." ಎಂದ, ಸಣ್ಣ ದನಿಯಲ್ಲಿ. ನಾನು ಹೇಳಿದ್ದೆನಲ್ಲ ಎಂದು. ಬಾಟಲಿ ತೊಳೆಯುವವನ ತಪ್ಪು ಎಂದು ಒಂದು ಸಾಲು ಬರೆದರೆ ಅವನು ಮರುದಿನ ಬರಬೇಕಾಗಿರಲಿಲ್ಲ. ಆ ಸಾಲು ನನ್ನ ತಲೆಯಲ್ಲಿ ಒಂದು ಕ್ಷಣ ಬಂದು ಹೋಯಿತು ಎಂಬುದನ್ನೂ ಬರೆದಿಡುತ್ತೇನೆ.

ಆಚಾರ್ ಸಾರ್ ಮುಂದೆ ನಿಂತು ಎಲ್ಲ ಹೇಳಿದೆ. ಯಾಕೆ ಗಲಬರಿಸಲಿಲ್ಲ ಎಂದರು. ಕೋಡಂಬಾಕ್ಕಂನ ಲಾರಿಯಿಂದ ಶುರುಮಾಡಿ ಹೇಳುವಷ್ಟರಲ್ಲಿ ಅಳು ಬಂತು. ಅವರು ಕನ್ನಡಕ ತೆಗೆದು ಒರೆಸಿದರು.

"ಅವರ ಮೇಲಿನ ದಯೆಯಿಂದ ಅವರ ಬಾವಿ ಮುಚ್ಚಿಬಿಟ್ಟೆ. ಶರಿ. ಅಳೋದು ಆಮೇಲೆ. ಕಾಗದ ಬರಿ."

"ಮರುಪರಿಶೀಲನೆಯಲ್ಲಿ ಕಂಡುಬಂದಂತೆ ಅಂತ ಬರೀಲಾ ಸಾರ್?"

"ನಿನಗೆ ಹೇಗೆ ತೋಚತ್ತೋ ಹಾಗೆ."

'ಮಾದರಿ ತೆಗೆಯುವಾಗ ನಾನು ಮಾಡಿದ ತಪ್ಪಿನಿಂದ' ಎಂದು ಬರೆದೆ. ಅವರು ಓದಿ, "ಇಲಾಖೆ ಕಾಗದದಲ್ಲಿ ಈ ಮಾತು ನನ್ನ ಸರ್ವೀಸಲ್ಲೇ ನೋಡ್ಲಿಲ್ಲ" ಎಂದು ಕೆಳಗೆ ತಮ್ಮ ರುಜುವನ್ನೂ ಹಾಕಿದರು. ನನಗೆ ಒಂದು ಮೆಮೊ ಬಂತು. ಅದೂ ಸರ್ವೀಸ್ ಪುಸ್ತಕದಲ್ಲಿದೆ.

ಆ ವಾರವೇ ಮತ್ತೆ ಬೆಟ್ಟ ಹತ್ತಿದೆ. ಬಾವಿಯ ಬಳಿ ಯಾರೂ ಇರಲಿಲ್ಲ. ಹಲಗೆಯ ಮೇಲೆ ಕೆಂಪು ಬಣ್ಣ. ಮಾದಮ್ಮನ ಮನೆ ಕೇಳಿಕೊಂಡು ಹೋದೆ. ಜಗುಲಿಯಲ್ಲಿ ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಕಣಿವೆಯ ಊಟೆಯಿಂದ, ಅಂದರೆ ಒರತೆಯಿಂದ, ನೀರು ತರುವಾಗ ಬಂಡೆಯ ಮೇಲೆ ಜಾರಿದಳಂತೆ. ಒಳಗೆ ಹಸುಗೂಸು ಅಳುವುದು ಕೇಳಿಸಿತು.

ನಡೆದದ್ದನ್ನೆಲ್ಲ ಹೇಳಿದೆ. ನಿಮ್ಮ ಬಾವಿ ಕೆಟ್ಟಿರಲಿಲ್ಲ, ನನ್ನ ಬಾಟಲಿ ಕೆಟ್ಟಿತ್ತು ಎಂದೆ. ಅಕ್ಕಪಕ್ಕದ ಹೆಂಗಸರು ಸೇರಿದರು. ಒಬ್ಬಳು "ಓದ್ಕಂಡೋರ್ ಮಾಡೋ ಕೆಲ್ಸವಾ ಇದು!" ಎಂದಳು. ಓದಿದ್ದೇನೆಂಬುದೇ ನನ್ನ ಜೀವನದ ದೊಡ್ಡ ಹೆಮ್ಮೆ, ಆ ಮಾತು ಸರಿಯಾದ ಜಾಗಕ್ಕೇ ಬಿತ್ತು. ಮಾದಮ್ಮ ಮಂಡಿಯ ಬಟ್ಟೆಯನ್ನು ಬಿಗಿದುಕೊಂಡು ಕೇಳಿದಳು.

"ನೀರ್ ಚೆಲ್ಲಕ್ಕೆ ನಾವ್ ಬೈದೇವು ಅಂತ ಚೆಲ್ನಿಲ್ವಾ?"

"ಬೈತೀರ ಅಂತಲ್ಲ ಕನವ್ವ. ನನ್ ಕೈಯಲ್ಲಿ ಆಗ್ಲಿಲ್ಲ."

"ಅಯ್ಯೋ ಪೆದ್ದೇ! ಒಂದ್ ಮಾತ್ ಕೇಳಿದ್ರೆ ಆಗಿರದು." ಒಳಗೆ ಕೂಗಿ ಮಗಳಿಂದ ಒಂದು ಅಗಲವಾದ ಬೋಗುಣಿ ತರಿಸಿದಳು. "ನಡಿ. ನೀನ್ ಚೆಲ್ಲು, ನಾನ್ ಹಿಡಿತೀನಿ. ಕರು ಕುಡಿತದೆ."

ಹಲಗೆ ಕೀಳಿಸಿದೆವು. ನಾನು ಒಂದೊಂದು ಬಾಟಲಿಯನ್ನೂ ಮೂರು ಸಲ ಗಲಬರಿಸಿ ಬೋಗುಣಿಗೆ ಸುರಿದೆ. ಮಾದಮ್ಮ ಕುಂಟುತ್ತ ನಿಂತು "ಒಂದು... ಎರಡು... ಮೂರು, ಈಗ ತುಂಬು" ಎಂದು ಎಣಿಸಿದಳು. ಈ ಸಲದ ಬಾಟಲಿಗಳನ್ನು ಚೆನ್ನೈಯಲ್ಲೇ ಶುದ್ಧ ನೀರಿನಲ್ಲಿ ತೊಳೆದು ತಂದಿದ್ದೆವು, ಗಲಬರಿಸಿದ ನೀರು ಕರುವಿಗೆ ಕುಡಿಸುವಂತಿತ್ತು.

ಫಲಿತಾಂಶ ಆಚಾರ್ ಸಾರ್ ಹೇಳಿದಂತೆಯೇ ಬಂತು. ಕ್ಷಾರ ಏರಿತ್ತು, ಬೂದಿಯ ಲವಣಗಳಿದ್ದವು, ಸ್ವಲ್ಪ ಬಣ್ಣ, ಸ್ವಲ್ಪ ಹೊಗೆಯ ವಾಸನೆ. ರುಚಿ ಕೆಟ್ಟಿತ್ತೇ ಹೊರತು ನೈಟ್ರೇಟ್ ಇರಲಿಲ್ಲವೆಂದೇ ಹೇಳಬೇಕು. ಕಾರ್ಬನ್ ಕಾಗದವಿಟ್ಟು ಬರೆದ ಆ ವರದಿಯಲ್ಲಿ 'ಸ್ಥಳೀಯರ ಹೇಳಿಕೆ' ಎಂಬ ಕಡೆ 'ನೀರು ಜಾರುತ್ತದೆ, ಬೂದಿ ಕಲಸಿದಂತೆ' ಎಂದು ಬರೆದೆ. ತಳದ ಬೂದಿಯನ್ನು ಎತ್ತಿಸಿ, ಬಾವಿಯ ಸುತ್ತ ಕಟ್ಟೆ ಎಬ್ಬಿಸಿ, ಮಳೆ ನೀರು ಸುಟ್ಟ ಇಳಿಜಾರಿನಿಂದ ನೇರ ಒಳಗೆ ಬರದಂತೆ ಮಾಡಿ ಎಂದು ಸೂಚಿಸಿದೆ. ಊರವರು ಮಾಡಿದರು. ಬಾವಿ ಮತ್ತೆ ತೆರೆಯಿತು.

ಹೊಸಬರು ಇಲ್ಲಿ ಒಂದು ವಿಷಯ ತಿಳಿಯಬೇಕು. ಬೆಂಕಿ ಆರಿದ ದಿನ ನೀರಿನ ಕಥೆ ಮುಗಿಯುವುದಿಲ್ಲ, ಶುರುವಾಗುತ್ತದೆ. ಸುಟ್ಟ ನೆಲದ ಮೇಲ್ಪದರ ಮೇಣ ಸವರಿದಂತಾಗಿ ಮೊದಮೊದಲ ಮಳೆಯನ್ನು ಒಳಗೆ ಬಿಡುವುದಿಲ್ಲ, ನೀರು ಮೇಲೆಯೇ ಹರಿದು ಬೂದಿಯನ್ನು ಹಳ್ಳಕ್ಕೆ ಒಯ್ಯುತ್ತದೆ. ಇಂಗುವುದು ಆಮೇಲೆ. ಮಣ್ಣಿನಲ್ಲಿ ಕೂಡಿದ್ದು ಆಗ ಇಳಿಯುತ್ತದೆ. ಒಂದು ಸಲ ಪರೀಕ್ಷೆ ಮಾಡಿ ಫೈಲು ಕಟ್ಟಬೇಡಿ. ಈಗ ನಿಮ್ಮ ಬಳಿ ಎಲ್ಲ ಲವಣಗಳನ್ನೂ ಒಟ್ಟಿಗೆ ಹೇಳುವ ಯಂತ್ರಗಳಿವೆ. ಎರಡು ಸಾವಿರದ ಇಸವಿಯ ನಂತರ ನಮ್ಮಲ್ಲೂ ಬಂದವು. ಆದರೆ ಬಾಟಲಿ ತೊಳೆದಿದೆಯೇ ಎಂದು ಆ ಯಂತ್ರ ಕೇಳುವುದಿಲ್ಲ.

ನಾನು ಫೈಲು ಕಟ್ಟಲಿಲ್ಲ. ಹಿಂಗಾರು ಮಳೆ ಚೆನ್ನಾಗಿ ಬಿದ್ದ ಮೇಲೆ ಮತ್ತೆ ಮಾದರಿ ತಂದೆ. ಜೊತೆಗೆ ಶುದ್ಧ ನೀರು ತುಂಬಿದ ಒಂದು ಬಾಟಲಿ ಇಟ್ಟು ಎರಡನ್ನೂ ಪರೀಕ್ಷಿಸಿದೆ. ಶುದ್ಧ ನೀರಿನ ಕೊಳವೆ ಬಣ್ಣವಿಲ್ಲದೆ ನಿಂತಿತು. ಬಾವಿಯ ನೀರು ಹಳದಿಯಾಯಿತು. ಮತ್ತೆ ಮಾಡಿದೆ, ಮತ್ತೆ ಹಳದಿ. ಮೊದಲಿನಷ್ಟಲ್ಲ, ಆದರೆ ಮಿತಿಯ ಮೇಲೆ. ಈ ಸಲ ಅದು ಬೆಟ್ಟದಿಂದಲೇ ಇಳಿದು ಬಂದದ್ದು. ಈ ಸಲ ನನಗೆ ಖುಷಿಯಾಗಲಿಲ್ಲ. ಮಾದಮ್ಮನ ಮೊಮ್ಮಗುವಿಗೆ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಜೊತೆಗೇ ತಂದಿದ್ದ ಊಟೆಯ ನೀರನ್ನೂ ಪರೀಕ್ಷಿಸಿ ಅದು ಸರಿಯಿದೆಯೆಂದು ಖಚಿತ ಮಾಡಿಕೊಂಡೆ. ಕಾಗದ ಕಳಿಸಿದರೆ ಯಾರು ನಂಬುತ್ತಾರೆ? ನಾನೇ ಹೋದೆ.

ಬಾವಿಯ ಕಟ್ಟೆಯ ಮೇಲೆ ನಿಂತು ಹೇಳಿದೆ: ದೊಡ್ಡವರು ಕುಡಿದರೆ ಅಂಥ ತೊಂದರೆಯಿಲ್ಲ, ಕೂಸುಗಳಿಗೆ ಮಾತ್ರ ಈ ನೀರು ಬೇಡ, ಕುದಿಸಿದರೂ ಬೇಡ, ಕೆಲವು ತಿಂಗಳು, ನಾನು ಬಂದು ಸರಿಯಾಯಿತು ಎನ್ನುವ ತನಕ. ಹೆಂಗಸರ ದನಿ ಏರಿತು.

"ಆಗ ಬ್ಯಾಡ ಅಂದೆ. ಆಮೇಲ್ ಕುಡೀರಿ ಅಂದೆ. ಈಗ ತಿರ್ಗ ಬ್ಯಾಡ ಅಂತೀಯ. ನಾವೇನ್ ನಿನ್ ಕೈಗೊಂಬೆನಾ?"

ನನ್ನ ಮಾತನ್ನು ನಂಬಲು ಅವರಿಗೆ ಕಾರಣವೇನಿತ್ತು? ಮಾದಮ್ಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಮುಂದೆ ಬಂದಳು. ಮಂಡಿ ಇನ್ನೂ ಸರಿಯಾಗಿರಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಮೂರ್ ಸಲ ಗಲಬರಿಸಿದ್ಯಾ?"

"ಗಲಬರಿಸಿವ್ನಿ ಕನವ್ವ."

"ಎಣಿಸಿದ್ಯಾ?"

"ಬಾಯ್ಬಿಟ್ಟು ಎಣಿಸಿವ್ನಿ."

ಅವಳು ಮಗುವನ್ನು ಮಗಳ ಕೈಗೆ ಕೊಟ್ಟು ಎರಡು ಕೊಡ ತಂದಳು. ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ನನ್ನತ್ತ ಚಾಚಿದಳು. "ಹಂಗಾರೆ ನಡಿ ಊಟೆಗೆ. ನೀನೂ ಒಂದ್ ಹೊರು."

ಕೋಡಂಬಾಕ್ಕಂ ಬಿಟ್ಟ ಮೇಲೆ ನಾನು ಸೊಂಟಕ್ಕೆ ಕೊಡ ಇಟ್ಟಿರಲಿಲ್ಲ. ಹಿಂದೆ ತಿರುಗಿ ನೋಡಿದರೆ ಬೈಯುತ್ತಿದ್ದ ಹೆಂಗಸರಲ್ಲಿ ಮೂವರು, ಮನೆಯಲ್ಲಿ ಕೂಸಿದ್ದವರು, ಕೊಡ ಎತ್ತಿಕೊಂಡು ಬರುತ್ತಿದ್ದರು. ಬಂಡೆಗಳ ಮೇಲೆ ಮಾದಮ್ಮನ ತೋಳು ಹಿಡಿದು ಇಳಿದೆ, ಹಿಡಿದೇ ಹತ್ತಿದೆ. ಆ ಕೊಡದಿಂದ ಒಂದು ಹನಿಯೂ ಚೆಲ್ಲಲಿಲ್ಲ.